ಪ್ರೌಢಶಾಲೆಯ ವೃತ್ತಿ ಶಿಕ್ಷಣ: ನಮ್ಮ ಊರಿಗೆ ಯಾವ ವಿಷಯ ಬೇಕೆಂದು ಯಾರು ತೀರ್ಮಾನಿಸಬೇಕು?

ಎಸ್‌ಡಿಎಂಸಿ ಸದಸ್ಯ, ಬೆಳಗಾವಿ ತಾಲ್ಲೂಕು

ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಗ್ರ ಶಿಕ್ಷಣದ ವೃತ್ತಿ ಶಿಕ್ಷಣ ಯೋಜನೆ, ಅಂದರೆ ಶಾಲೆಗಳಲ್ಲಿ ಎಲ್ಲರೂ ‘ಎನ್‌ಎಸ್‌ಕ್ಯೂಎಫ್’ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಎಂದೇ ಕರೆಯುವ ಯೋಜನೆ, ಕೆಲವು ವರ್ಷಗಳಿಂದ ನಡೆಯುತ್ತಿದೆ. ಒಂಬತ್ತನೇ ತರಗತಿಗೆ ಬಂದ ಮಕ್ಕಳು ತೃತೀಯ ಭಾಷೆಯ ಬದಲಿಗೆ ಒಂದು ವೃತ್ತಿ ವಿಷಯವನ್ನು ಆಯ್ದುಕೊಂಡು, ಎರಡು ವರ್ಷ ಓದಿ, ಎಸ್‌ಎಸ್‌ಎಲ್‌ಸಿಯಲ್ಲಿ ಅದರ ಪರೀಕ್ಷೆಯನ್ನೇ ಬರೆಯಬಹುದು. ನಮ್ಮ ಶಾಲೆಗೆ ಮಂಜೂರಾಗಿರುವುದು ರಿಟೇಲ್ ಮತ್ತು ಬ್ಯೂಟಿ ಅಂಡ್ ವೆಲ್‌ನೆಸ್. ಎರಡೂ ಕೀಳು ಕೆಲಸಗಳೆಂದು ನಾನು ಹೇಳುವುದಿಲ್ಲ. ಆದರೆ ಬೆಳಿಗ್ಗೆ ನಮ್ಮ ಊರಿನಿಂದ ಬಸ್ಸು ಹತ್ತುವ ಯುವಕರಲ್ಲಿ ಹೆಚ್ಚಿನವರು ಇಳಿಯುವುದು ಉದ್ಯಮಬಾಗ್‌ನಲ್ಲಿ, ಇಲ್ಲವೇ ಮಚ್ಛೆ ಕೈಗಾರಿಕಾ ಪ್ರದೇಶದಲ್ಲಿ. ಅಲ್ಲಿರುವುದು ಫೌಂಡ್ರಿಗಳು (ಲೋಹದ ಎರಕದ ಘಟಕಗಳು), ಲೇತ್ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಮಷೀನ್ ಶಾಪುಗಳು, ಹೈಡ್ರಾಲಿಕ್ ಬಿಡಿಭಾಗಗಳ ಘಟಕಗಳು. ಊರಲ್ಲೇ ಉಳಿದವರದು ಕಬ್ಬು, ಹಾಲು, ಪಂಪ್‌ಸೆಟ್ಟಿನ ಲೋಕ. ಹೀಗಿರುವಾಗ ಹವಾನಿಯಂತ್ರಿತ ಮಳಿಗೆಯಲ್ಲಿ ಸರಕು ಜೋಡಿಸುವ ಪಾಠ ನಮ್ಮ ಮಕ್ಕಳಿಗೆ ಹೇಗೆ ಬಂತು?

ನಮ್ಮ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಮುಂದಿನ ಸಭೆಯಲ್ಲಿ ವಿಷಯ ಬದಲಾವಣೆಗೆ ಠರಾವು ಮಾಡಬೇಕೆಂಬ ಯೋಚನೆಯಿದೆ. ಅದಕ್ಕೆ ಮೊದಲು ಈ ಕ್ಷೇತ್ರ ಬಲ್ಲವರ ಮಾತು ಕೇಳಬೇಕೆನಿಸಿತು.

ವೃತ್ತಿ ತರಬೇತುದಾರ, ಆಟೊಮೊಬೈಲ್ ವಿಭಾಗ

ಸದಸ್ಯರೇ, ವಿಷಯ ಹಂಚಿಕೆಯನ್ನು ಶಾಲೆ ಮಾಡುವುದಿಲ್ಲ. ಪಟ್ಟಿ ಮೇಲಿನಿಂದ ಬರುತ್ತದೆ, ಲ್ಯಾಬ್ ಸಾಮಗ್ರಿ ಅದರ ಹಿಂದೆ ಬರುತ್ತದೆ, ನಮ್ಮಂಥ ತರಬೇತುದಾರರು ಹೊರಗುತ್ತಿಗೆ ಏಜೆನ್ಸಿಯ ಮೂಲಕ ಬರುತ್ತೇವೆ. ಠರಾವಿನ ಮೂಲಕ ಬೇಡಿಕೆ ಇಡಲು ಅಡ್ಡಿಯಿಲ್ಲ. ಆದರೆ ವಿಷಯ ಬದಲಾದರೆ ಈಗ ಇರುವ ತರಬೇತುದಾರರ ಕೆಲಸ ಹೋಗುತ್ತದೆ ಎಂಬುದನ್ನೂ ಸಭೆಯಲ್ಲಿ ಹೇಳಿಬಿಡಿ.

ತರಗತಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಇದರ ಬಗ್ಗೆ ಪೋಷಕರಿಗೂ ಅನೇಕ ಶಿಕ್ಷಕರಿಗೂ ಸರಿಯಾದ ಕಲ್ಪನೆಯಿಲ್ಲ. ಪಠ್ಯಕ್ರಮ ವರ್ಷಕ್ಕೆ ಸುಮಾರು 200 ಗಂಟೆಗಳದ್ದು. ಅದರಲ್ಲಿ ಒಂದು ದೊಡ್ಡ ಪಾಲು ಉದ್ಯೋಗ ಕೌಶಲಗಳದ್ದು: ಸಂವಹನ, ಸ್ವನಿರ್ವಹಣೆ, ಕಂಪ್ಯೂಟರ್ ಬಳಕೆ, ಉದ್ಯಮಶೀಲತೆ, ಪರಿಸರಸ್ನೇಹಿ ಕೌಶಲ. ಉಳಿದ ಗಂಟೆಗಳಲ್ಲಿ ವೃತ್ತಿ ವಿಷಯದ ಪಾಠ, ಪ್ರಾಯೋಗಿಕ ಕೆಲಸ ಮತ್ತು ಕ್ಷೇತ್ರ ಭೇಟಿ. ನಲವತ್ತು ಮಕ್ಕಳಿಗೆ ಒಂದು ಕಟ್ ಸೆಕ್ಷನ್ ಎಂಜಿನ್ (ಒಳಭಾಗ ಕಾಣುವಂತೆ ಕತ್ತರಿಸಿದ್ದು) ಇರುವ ಕೋಣೆಯಲ್ಲಿ ನಲವತ್ತೈದು ನಿಮಿಷದ ಪೀರಿಯಡ್ಡಿಗೆ ಸ್ಪ್ಯಾನರ್ ಹಂಚಿ ವಾಪಸ್ ಎಣಿಸಿಕೊಳ್ಳುವುದರಲ್ಲೇ ಅರ್ಧ ಸಮಯ ಕಳೆಯುತ್ತದೆ. ಬ್ಲಾಕ್ ಪೀರಿಯಡ್ (ಒಂದರ ಹಿಂದೆ ಒಂದು ಒಟ್ಟಿಗೆ ಬರುವ ಪೀರಿಯಡ್‌ಗಳು) ಕೊಟ್ಟ ಮುಖ್ಯೋಪಾಧ್ಯಾಯರ ಬಳಿ ಕೆಲಸ ಮಾಡಿದಾಗ ನನ್ನ ಮಕ್ಕಳು ದ್ವಿಚಕ್ರ ವಾಹನದ ಬ್ರೇಕ್ ಶೂ ಬಿಚ್ಚಿ, ಸವೆತ ನೋಡಿ, ಮತ್ತೆ ಜೋಡಿಸುವಷ್ಟು ಕಲಿತರು. ಪೀರಿಯಡ್ ಹರಿದು ಹಂಚಿದ ಶಾಲೆಯಲ್ಲಿ ಅದೇ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸಬೇಕಾಯಿತು.

ಗೌರವಧನ ತಿಂಗಳುಗಟ್ಟಲೆ ತಡವಾಗುವುದು, ಪ್ರತಿ ಜೂನ್‌ನಲ್ಲಿ ಮುಂದುವರಿಕೆಯ ಆದೇಶಕ್ಕೆ ಕಾಯುವುದು, ಈ ಕಥೆ ಬೇರೆ. ನುರಿತ ಮೆಕ್ಯಾನಿಕ್ ಒಬ್ಬ ಈ ಸಂಬಳಕ್ಕೆ ಶಾಲೆಗೆ ಏಕೆ ಬರಬೇಕು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಮಷೀನ್ ಶಾಪ್ ಮಾಲೀಕ, ಉದ್ಯಮಬಾಗ್

ಕೆಲಸ ಕೊಡುವವನ ದೃಷ್ಟಿಯಿಂದ ಒಂದು ಮಾತು. ಹದಿನೈದು ವರ್ಷದ ಮಗುವಿಗೆ ಸಿಎನ್‌ಸಿ ಕಲಿಸಿ ಕಳಿಸಿ ಎಂದು ನಾನು ಶಾಲೆಯನ್ನು ಕೇಳುವುದಿಲ್ಲ. ಯಂತ್ರ ಕಲಿಸುವುದು ನನ್ನ ಕೆಲಸ, ಅದಕ್ಕೆ ಐಟಿಐ ಇದೆ, ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ. ನನಗೆ ಬೇಕಾದದ್ದು ಅಳತೆ ಗೊತ್ತಿರುವ ಹುಡುಗ, ಡ್ರಾಯಿಂಗ್ ಓದಬಲ್ಲ ಹುಡುಗಿ.

ಉದಾಹರಣೆಗೆ, ನಮ್ಮಲ್ಲಿ ದಿನವೂ ಬರುವ ರಂಧ್ರದ ಒಂದು ಅಳತೆ 25 ಎಚ್7. ಅಂದರೆ ಆ ರಂಧ್ರ 25.000 ಮಿಲಿಮೀಟರಿನಿಂದ 25.021 ಮಿಲಿಮೀಟರಿನ ಒಳಗೆ ಇರಬೇಕು. ಕೆಲಸಕ್ಕೆ ಬಂದ ಹೊಸಬನ ಕೈಗೆ ಜಾಬ್ (ಯಂತ್ರದಲ್ಲಿ ತಯಾರಾದ ಬಿಡಿಭಾಗ) ಕೊಟ್ಟು ಅಳೆಯಲು ಹೇಳಿದರೆ ಆತ ವರ್ನಿಯರ್ ಹಿಡಿದು, ಕಣ್ಣನ್ನು ಓರೆಯಾಗಿಟ್ಟು ಓದಿ, ‘25 ಬಂತು ಸರ್’ ಎನ್ನುತ್ತಾನೆ. ಆ ವರ್ನಿಯರಿನ ಕನಿಷ್ಠ ಅಳತೆಯೇ 0.02 ಮಿಲಿಮೀಟರ್. ನಮಗೆ ಸಿಕ್ಕಿರುವ ಒಟ್ಟು ಅವಕಾಶವೇ 0.021 ಆಗಿರುವಾಗ ಆ ಉಪಕರಣದಿಂದ ತೀರ್ಪು ಕೊಡಲಾಗದು, ರಂಧ್ರವನ್ನು ನಿಖರವಾಗಿ ಪರೀಕ್ಷಿಸುವ ಬೋರ್ ಗೇಜ್ ಅಥವಾ ಗೋ–ನೋಗೋ ಪ್ಲಗ್ ಗೇಜ್ ಬೇಕು ಎಂಬ ಅರಿವು ಅವನಿಗಿಲ್ಲ. ಐಟಿಐ ಪ್ರಮಾಣಪತ್ರ ಹಿಡಿದು ಬಂದವರಲ್ಲೂ ಕೆಲವರಿಗೆ ಇಲ್ಲ. ಇದನ್ನು ಕಲಿಸಲು ಲಕ್ಷಗಟ್ಟಲೆಯ ಯಂತ್ರ ಬೇಕಿಲ್ಲ. ಹತ್ತು ವರ್ನಿಯರ್, ನಾಲ್ಕು ಮೈಕ್ರೋಮೀಟರ್, ನಾವು ತಿರಸ್ಕರಿಸಿದ ಒಂದು ಬುಟ್ಟಿ ರಿಜೆಕ್ಟ್ ಜಾಬ್‌ಗಳು ಸಾಕು. ರಿಜೆಕ್ಟ್ ಜಾಬ್‌ಗಳನ್ನು ನಾನೇ ಕೊಡುತ್ತೇನೆ, ಅವುಗಳಿಗೆ ನನ್ನಲ್ಲಿ ಬರಗಾಲವಿಲ್ಲ.

ಇನ್ನೊಂದು ವಿಷಯ. ಫೌಂಡ್ರಿ ಎಂದ ಕೂಡಲೇ ಮರಳು ಹೊರುವುದು, ಕಾದ ಲೋಹ ಸುರಿಯುವುದು ಎಂದಷ್ಟೇ ಜನ ಅಂದುಕೊಂಡಿದ್ದಾರೆ. ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡುವವರು, ಮರಳಿನ ತೇವ ಮತ್ತು ಗಟ್ಟಿತನ ಪರೀಕ್ಷಿಸುವವರು, ಲೋಹದ ಮಾದರಿ ತೆಗೆದು ಅದರ ಸಂಯೋಜನೆ ನೋಡುವವರು, ಕಾಸ್ಟಿಂಗ್‌ನಲ್ಲಿ ಎಲ್ಲಿ ಗಾಳಿಗುಳ್ಳೆ ಬಂದಿದೆ ಎಂದು ಪತ್ತೆ ಹಚ್ಚುವವರು ಅಲ್ಲೇ ಇದ್ದಾರೆ. ಈ ಕೆಲಸಗಳಿಗೆ ಜನ ಸಿಗುತ್ತಿಲ್ಲ.

ಕಾರ್ಮಿಕ ಕಾನೂನು ಬಲ್ಲ ವಕೀಲರು, ಧಾರವಾಡ

ಉತ್ಸಾಹದಲ್ಲಿ ಒಂದು ಗೆರೆ ಮರೆಯಬಾರದು. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆಯು 14 ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸುತ್ತದೆ (ಕುಟುಂಬದ ಕೆಲಸಕ್ಕೆ ಕೊಟ್ಟಿರುವ ಸೀಮಿತ ವಿನಾಯಿತಿ ಬೇರೆ), 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿಡುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಅಪಾಯಕಾರಿ ಪ್ರಕ್ರಿಯೆಗಳ ಅನುಸೂಚಿಯಲ್ಲಿ ಫೌಂಡ್ರಿಗಳಿಗೆ ಸ್ಥಾನವಿತ್ತು. 1961ರ ಅಪ್ರೆಂಟಿಸ್ ಕಾಯ್ದೆಯೂ ಅಪಾಯಕಾರಿ ಉದ್ಯಮಕ್ಕೆ ಕನಿಷ್ಠ 18 ವರ್ಷ ಕೇಳುತ್ತದೆ. ಆದ್ದರಿಂದ ಒಂಬತ್ತನೇ ತರಗತಿಯ ಮಕ್ಕಳು ಶಿಕ್ಷಕರೊಂದಿಗೆ ಹೋಗಿ ನೋಡಿ ಬರುವುದು ಸರಿ. ‘ಅನುಭವ’ದ ಹೆಸರಿನಲ್ಲಿ ಫೆಟ್ಲಿಂಗ್ (ಎರಕದ ಒರಟು ಅಂಚು ತೆಗೆಯುವ ಕೆಲಸ) ಮಾಡಲು ನಿಲ್ಲಿಸುವುದು ಅಪರಾಧ. ಈ ವ್ಯತ್ಯಾಸವನ್ನು ಠರಾವಿನಲ್ಲಿಯೇ ಬರೆದುಬಿಡಿ.

ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

‘ಸ್ಥಳೀಯ ಉದ್ಯೋಗ’ ಎಂಬ ಮಾತು ಕೇಳಿದಾಗಲೆಲ್ಲ ನನ್ನ ಕಿವಿ ನಿಮಿರುತ್ತದೆ. ನೇಕಾರರು ಹೆಚ್ಚಿರುವ ಊರಿನಲ್ಲಿ ದಶಕಗಳ ಕಾಲ ಪಾಠ ಮಾಡಿದವಳು ನಾನು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನಮ್ಮ ಹೆಮ್ಮೆ ಎನ್ನುವವರೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವರ ಬೆನ್ನು ನೋವನ್ನು ನೋಡಿದವರಲ್ಲ. ಶಾಲೆಗೆ ಬಂದ ಮಗುವಿಗೆ ಶಾಲೆಯಲ್ಲೂ ಮಗ್ಗವನ್ನೇ ತೋರಿಸಿದರೆ, ಆ ಮಗುವಿನ ತಾಯಿ ಅದನ್ನು ಶಿಕ್ಷಣ ಎಂದು ಒಪ್ಪುತ್ತಾಳೆಯೇ?

ಇತಿಹಾಸದಲ್ಲಿ ಇದು ಒಮ್ಮೆ ನಡೆದುಹೋಗಿದೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ದಿನದ ಒಂದು ಪಾಳಿ ಮಾತ್ರ ಪಾಠ, ಉಳಿದ ಸಮಯ ಮನೆಯ ಕಸುಬು ಕಲಿಕೆ ಎಂಬ ಯೋಜನೆ ತಂದರು. ಆಗ ದಕ್ಷಿಣ ಕನ್ನಡವೂ ಮದ್ರಾಸ್ ರಾಜ್ಯದಲ್ಲೇ ಇತ್ತು. ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ‘ಕುಲಕಲ್ವಿ’ ಇದು ಎಂದು ವಿರೋಧ ಭುಗಿಲೆದ್ದಿತು, ಮರುವರ್ಷ ಅಧಿಕಾರಕ್ಕೆ ಬಂದ ಕಾಮರಾಜರು ಅದನ್ನು ಕೈಬಿಟ್ಟರು. ವೃತ್ತಿ ಶಿಕ್ಷಣದ ಬಗ್ಗೆ ಮಾತನಾಡುವವರು ಈ ನೆನಪನ್ನು ಬದಿಗಿಟ್ಟು ಮಾತನಾಡಬಾರದು. 1937ರ ವಾರ್ಧಾ ಯೋಜನೆಯಲ್ಲಿ ಗಾಂಧೀಜಿ ಹೇಳಿದ್ದು ಎಲ್ಲ ಮಕ್ಕಳೂ ಕೈಕೆಲಸದ ಮೂಲಕ ಕಲಿಯಬೇಕೆಂದು. ಬಡವರ ಮಕ್ಕಳು ಮಾತ್ರ ಕಲಿಯಬೇಕೆಂದಲ್ಲ. ನಗರದ ಖಾಸಗಿ ಶಾಲೆಯ ಮಗುವಿಗೆ ರೊಬೊಟಿಕ್ಸ್, ಸರ್ಕಾರಿ ಶಾಲೆಯ ಮಗುವಿಗೆ ಹುಬ್ಬು ತಿದ್ದುವ ಪಾಠ ಎಂದಾದರೆ ಅದು ಹಳೆಯ ಗೋಡೆಗೆ ಹೊಸ ಸುಣ್ಣ.

ಎಸ್‌ಡಿಎಂಸಿ ಸದಸ್ಯ, ಬೆಳಗಾವಿ ತಾಲ್ಲೂಕು

ಮೇಡಂ, ನಿಮ್ಮ ಆಕ್ಷೇಪವನ್ನು ಗೌರವಿಸುತ್ತೇನೆ. ಆದರೆ ನಮ್ಮ ಊರಿನ ರೈತರ, ಕೂಲಿಕಾರರ ಮಕ್ಕಳಿಗೆ ಮಷೀನ್ ಶಾಪ್ ಎನ್ನುವುದು ಅಪ್ಪನ ಕಸುಬಲ್ಲ. ಅವರ ಮನೆಯಲ್ಲಿ ಯಾರೂ ಮೈಕ್ರೋಮೀಟರ್ ಮುಟ್ಟಿದವರಿಲ್ಲ. ‘ಸ್ಥಳೀಯ’ ಎಂದರೆ ಮನೆತನದ್ದು ಎಂದಲ್ಲ, ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದಾದಷ್ಟು ದೂರದಲ್ಲಿರುವುದು ಎಂಬ ಅರ್ಥದಲ್ಲಿ ನಾನು ಬಳಸಿದೆ.

ಒಬ್ಬ ತಾಯಿ, ಖಾನಾಪುರ

ನನ್ನ ಮಗಳು ಬ್ಯೂಟಿ ಅಂಡ್ ವೆಲ್‌ನೆಸ್ ತೆಗೆದುಕೊಂಡವಳು. ಇಲ್ಲಿ ಅದನ್ನು ಹಗುರವಾಗಿ ಮಾತನಾಡುತ್ತಿರುವುದರಿಂದ ಬರೆಯಬೇಕಾಯಿತು. ಅವಳ ತರಗತಿಯಲ್ಲಿ ಚರ್ಮದ ರಚನೆ, ಅಲರ್ಜಿ ಪರೀಕ್ಷೆ, ಉಪಕರಣ ಶುಚಿಗೊಳಿಸುವ ವಿಧಾನ, ಗ್ರಾಹಕರೊಂದಿಗೆ ಮಾತನಾಡುವ ರೀತಿ ಎಲ್ಲವನ್ನೂ ಕಲಿಸಿದರು. ನಮ್ಮ ಊರಿನ ಮೂರು ಬ್ಯೂಟಿ ಪಾರ್ಲರ್‌ಗಳಲ್ಲಿ ಯಾರೂ ಅಲರ್ಜಿ ಪರೀಕ್ಷೆ ಮಾಡುವುದನ್ನು ನಾನು ಕಂಡಿಲ್ಲ. ಮದುವೆಯ ಸೀಸನ್ನಿನಲ್ಲಿ ಈ ಕೆಲಸದಲ್ಲಿ ಬರುವ ದುಡ್ಡು ಕಡಿಮೆಯೇನಲ್ಲ, ಮೇಲಾಗಿ ಅದು ಹೆಂಗಸಿನ ಕೈಗೇ ಬರುತ್ತದೆ.

ನನ್ನ ತಕರಾರು ಬೇರೆ ಇದೆ. ಹುಡುಗಿಯರಿಗೆ ಇದು, ಹುಡುಗರಿಗೆ ಅದು ಎಂದು ಶಾಲೆಯವರೇ ಮೊದಲೇ ಭಾಗ ಮಾಡಿಟ್ಟಿದ್ದರು. ಮಗಳು ಕೇಳಿದ್ದರೆ ಬೇರೆ ಏನನ್ನು ಆಯ್ಕೆ ಮಾಡುತ್ತಿದ್ದಳೋ ಗೊತ್ತಿಲ್ಲ. ಯಾರೂ ಅವಳನ್ನು ಕೇಳಲಿಲ್ಲ. ಎರಡನೆಯದಾಗಿ, ಹತ್ತನೇ ತರಗತಿ ಮುಗಿದ ಮೇಲೆ ಅದೇ ವಿಷಯವನ್ನು ಮುಂದುವರಿಸುವ ಪಿಯು ಕಾಲೇಜು ನಮ್ಮ ಹತ್ತಿರದಲ್ಲಿ ಇಲ್ಲ. ಎರಡು ವರ್ಷ ಕಲಿತದ್ದಕ್ಕೆ ಮುಂದೆ ದಾರಿಯೇ ಇಲ್ಲವೆಂದಾದರೆ ಹಿಂದಿ ಬಿಟ್ಟದ್ದೇ ನಷ್ಟವಾಯಿತಲ್ಲ ಎಂದು ಅವಳ ಅಪ್ಪ ಕೇಳುತ್ತಾರೆ. ನಾನೂ ಒಮ್ಮೊಮ್ಮೆ ಹಾಗೆಯೇ ಯೋಚಿಸುತ್ತೇನೆ.

ಹಿಂದೊಮ್ಮೆ ಜೆಒಸಿ ಬೋಧಕರಾಗಿದ್ದವರು, ತುಮಕೂರು

ಮುಂದಿನ ದಾರಿಯ ಪ್ರಶ್ನೆಯನ್ನು ತಾಯಿಯವರು ಸರಿಯಾದ ಜಾಗದಲ್ಲಿ ಎತ್ತಿದ್ದಾರೆ. ಕೊಠಾರಿ ಆಯೋಗ 1966ರಲ್ಲಿ ವರದಿ ಕೊಟ್ಟಾಗಿನಿಂದ ಪ್ರೌಢ ಶಿಕ್ಷಣವನ್ನು ವೃತ್ತಿಯ ಕಡೆ ತಿರುಗಿಸಬೇಕೆಂಬ ಮಾತಿದೆ. 1986ರ ರಾಷ್ಟ್ರೀಯ ನೀತಿಯು ಹತ್ತನೇ ತರಗತಿಯ ನಂತರದ ವಿದ್ಯಾರ್ಥಿಗಳಲ್ಲಿ 1990ರ ಹೊತ್ತಿಗೆ ಶೇ. 10ರಷ್ಟು, 1995ರ ಹೊತ್ತಿಗೆ ಶೇ. 25ರಷ್ಟು ಮಂದಿ ವೃತ್ತಿ ಶಿಕ್ಷಣದಲ್ಲಿ ಇರಬೇಕೆಂದು ಗುರಿ ಇಟ್ಟಿತು. ಆ ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ. 2020ರ ನೀತಿಯು 2025ರೊಳಗೆ ಕನಿಷ್ಠ ಶೇ. 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಎಂದಿತು. ಸಂಖ್ಯೆಗಳು ಬೆಳೆಯುತ್ತವೆ, ಕೋಣೆಗಳು ಬೆಳೆಯುವುದಿಲ್ಲ.

ನಮ್ಮ ರಾಜ್ಯದಲ್ಲಿ ಪಿಯುಸಿಗೆ ಸಮಾನಾಂತರವಾಗಿ ಉದ್ಯೋಗಾಧಾರಿತ ಕೋರ್ಸುಗಳು, ಅಂದರೆ ಜೆಒಸಿ, ದಶಕಗಳ ಕಾಲ ನಡೆದವು. ಎಲೆಕ್ಟ್ರಿಕಲ್ ವೈರಿಂಗ್, ರೇಷ್ಮೆ, ಹೈನುಗಾರಿಕೆ, ಲೆಕ್ಕಪತ್ರ ಹೀಗೆ ವಿಷಯಗಳಿಗೆ ಕೊರತೆಯಿರಲಿಲ್ಲ. ನನ್ನ ಹುಡುಗರಲ್ಲಿ ಅನೇಕರು ಇಂದಿಗೂ ಗುತ್ತಿಗೆ ಹಿಡಿದು ವೈರಿಂಗ್ ಮಾಡುತ್ತಾರೆ, ಕೆಲವರು ತಮ್ಮ ಕೆಳಗೆ ಹತ್ತು ಜನರನ್ನು ಇಟ್ಟುಕೊಂಡಿದ್ದಾರೆ. ಕೋರ್ಸು ಬಿದ್ದದ್ದು ಕೌಶಲ ಕಡಿಮೆಯಾದದ್ದರಿಂದ ಅಲ್ಲ. ಬೋಧಕರೆಲ್ಲ ಅರೆಕಾಲಿಕರು, ಪದವಿಗೆ ಸೇರಲು ಬಯಸಿದ ವಿದ್ಯಾರ್ಥಿಗೆ ಅರ್ಧ ಬಾಗಿಲು ಮುಚ್ಚಿತ್ತು, ಸರ್ಕಾರಿ ನೇಮಕಾತಿಯಲ್ಲಿ ‘ಇದು ಪಿಯುಸಿಗೆ ಸಮಾನವೇ’ ಎಂಬ ಪ್ರಶ್ನೆಗೆ ಪ್ರತಿ ಸಲ ಹೊಸದಾಗಿ ಉತ್ತರ ಹೇಳಬೇಕಿತ್ತು. ಕೊನೆಗೆ ಕೋರ್ಸು ಮುಚ್ಚಿ ಬೋಧಕರನ್ನು ಬೇರೆ ಬೇರೆ ಇಲಾಖೆಗಳಿಗೆ ಸೇರಿಸಿಕೊಂಡರು. ವೈರಿಂಗ್ ಕಲಿಸುತ್ತಿದ್ದವರು ಕಡತ ತಿರುವುತ್ತ ನಿವೃತ್ತರಾದರು. ಆದ್ದರಿಂದ ಠರಾವಿನಲ್ಲಿ ‘ಯಾವ ವಿಷಯ’ ಎಂಬುದಕ್ಕಿಂತ ಮೊದಲು ‘ಮುಂದೆ ಎಲ್ಲಿಗೆ’ ಎಂಬುದನ್ನು ಬರೆಯಿರಿ.

ಐಟಿಐ ಕಿರಿಯ ತರಬೇತಿ ಅಧಿಕಾರಿ, ಹುಬ್ಬಳ್ಳಿ

ಮುಂದಿನ ದಾರಿ ಇದೆ, ಮಕ್ಕಳಿಗೆ ಹೇಳುವವರಿಲ್ಲ. ಎಸ್‌ಎಸ್‌ಎಲ್‌ಸಿ ನಂತರ ಐಟಿಐಯಲ್ಲಿ ಫಿಟ್ಟರ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಟ್ರೇಡ್ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಡಿಪ್ಲೊಮಾದಿಂದ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ. ಟರ್ನರ್ ಆದವನು ಎಂಜಿನಿಯರ್ ಆಗಲಾರ ಎಂದು ಪೋಷಕರು ಈಗಲೂ ನಂಬಿದ್ದಾರೆ. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದಿವೆ. ಪ್ರೌಢಶಾಲೆಗಳು ನಮ್ಮ ವರ್ಕ್‌ಶಾಪಿಗೆ ಮಕ್ಕಳನ್ನು ಕರೆದುಕೊಂಡು ಬರಬಹುದು. ಪ್ರಾಚಾರ್ಯರಿಗೆ ಒಂದು ಪತ್ರ ಬರೆದರೆ ಸಾಕು ಎಂದೇ ನನ್ನ ಅನುಭವ. ಬರೆಯುವವರೇ ಕಡಿಮೆ.

ರೈತ, ಗೋಕಾಕ ತಾಲ್ಲೂಕು

ಎಲ್ಲರೂ ಕಾರ್ಖಾನೆಯ ಸುತ್ತಲೇ ಮಾತನಾಡುತ್ತಿದ್ದೀರಿ. ನಮ್ಮ ಕಡೆ ಬೇಸಿಗೆಯಲ್ಲಿ ಮೋಟಾರ್ ಸುಟ್ಟರೆ ವೈಂಡಿಂಗ್ ಅಂಗಡಿಯ ಮುಂದೆ ಸಾಲು ನಿಲ್ಲಬೇಕು, ಅಷ್ಟರಲ್ಲಿ ಕಬ್ಬು ಬಾಡುತ್ತದೆ. ಸುಡುವುದಕ್ಕೆ ಕಾರಣ ಬಹಳ ಸಲ ಚಿಕ್ಕದು: ಮೂರು ಫೇಸಿನಲ್ಲಿ ಒಂದು ಹೋಗಿರುತ್ತದೆ, ಸ್ಟಾರ್ಟರಿನಲ್ಲಿ ಆಗ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಇರುವುದಿಲ್ಲ, ಅಥವಾ ಅದನ್ನು ಯಾರೋ ತೆಗೆದು ನೇರವಾಗಿ ಜೋಡಿಸಿರುತ್ತಾರೆ. ಫ್ಯೂಸ್ ಹೋದಾಗ ತಂತಿ ಸುತ್ತಿ ಮುಂದುವರಿಸುವ ನಮ್ಮ ಬುದ್ಧಿಯೂ ಇದರಲ್ಲಿ ಪಾಲುದಾರ. ಪಂಪ್‌ಸೆಟ್, ಸ್ಟಾರ್ಟರ್, ಹನಿ ನೀರಾವರಿಯ ಫಿಲ್ಟರ್, ಈಗ ಬರುತ್ತಿರುವ ಸೋಲಾರ್ ಪಂಪು, ಇವುಗಳ ದುರಸ್ತಿ ಕಲಿತ ಹುಡುಗ ಊರು ಬಿಡಬೇಕಿಲ್ಲ. ಹಾಲಿನ ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಪರೀಕ್ಷೆ ಮಾಡುವವರು ಬೇಕು, ಯಂತ್ರ ಕೆಟ್ಟರೆ ಸರಿಪಡಿಸುವವರು ಬೇಕು. ಇದಕ್ಕೆ ಪ್ರತ್ಯೇಕ ವಿಷಯ ಇದೆಯೋ ಇಲ್ಲವೋ ನಾನು ಕೇಳುವುದಿಲ್ಲ. ಕೃಷಿ ವಿಷಯವಿರುವ ಶಾಲೆಯಲ್ಲಿ ಇದನ್ನು ಸೇರಿಸಿದರೆ ಸಾಕು.

ಗಣಿತ ಶಿಕ್ಷಕ, ಚಿಕ್ಕೋಡಿ

ವಿಷಯ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಹತ್ತನೇ ತರಗತಿಯ ತ್ರಿಕೋನಮಿತಿ ಪಾಠದಲ್ಲಿ ನಾವು ಗಾಳಿಪಟ, ದೀಪಸ್ತಂಭ, ಗೋಪುರದ ನೆರಳು ಎಂದು ಲೆಕ್ಕ ಮಾಡಿಸುತ್ತೇವೆ. ಕಳೆದ ವರ್ಷ ಅದರ ಜೊತೆಗೆ ಲೇತ್‌ನಲ್ಲಿ ಟೇಪರ್ (ಒಂದು ತುದಿಗೆ ಕಿರಿದಾಗುವ ಆಕಾರ) ಕೊರೆಯುವ ಲೆಕ್ಕವನ್ನೂ ಕೊಟ್ಟೆ. ಒಂದು ತುದಿಯಲ್ಲಿ 40 ಮಿಲಿಮೀಟರ್ ವ್ಯಾಸ, ಇನ್ನೊಂದು ತುದಿಯಲ್ಲಿ 30, ಉದ್ದ 50. ವ್ಯಾಸಗಳ ವ್ಯತ್ಯಾಸವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಟ್ಯಾನ್ ಮೌಲ್ಯ 0.1, ಕೋನ ಸುಮಾರು 5 ಡಿಗ್ರಿ 43 ನಿಮಿಷ. ಟೂಲ್ ಹಿಡಿಯುವ ಸ್ಲೈಡನ್ನು ಅಷ್ಟು ಕೋನಕ್ಕೆ ತಿರುಗಿಸಬೇಕು. ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿ, ಅಣ್ಣ ಮಚ್ಛೆಯಲ್ಲಿ ಕೆಲಸ ಮಾಡುವವನು, ಮರುದಿನ ಅಣ್ಣನ ಡೈರಿಯಿಂದ ನಿಜವಾದ ಒಂದು ಜಾಬಿನ ಅಳತೆ ಬರೆದುಕೊಂಡು ಬಂದ. ಗಣಿತದ ತರಗತಿಯಲ್ಲಿ ಆತ ತಾನಾಗಿ ಎದ್ದು ನಿಂತದ್ದು ಅದೇ ಮೊದಲು. ಶಿಕ್ಷಕಿಯವರು ಎತ್ತಿದ ಆತಂಕಕ್ಕೂ ಇದು ಒಂದಿಷ್ಟು ಉತ್ತರ ಎಂದುಕೊಂಡಿದ್ದೇನೆ: ತರಗತಿಯ ಎಲ್ಲ ಮಕ್ಕಳೂ ಇದೇ ಲೆಕ್ಕ ಮಾಡಿದರು, ಡಾಕ್ಟರ್ ಆಗುವವಳೂ ಮಾಡಿದಳು.

ಸ್ಟುಟ್‌ಗಾರ್ಟ್‌ನಲ್ಲಿರುವ ಕನ್ನಡಿಗ

ಇಲ್ಲಿ ಜರ್ಮನಿಯ ಮಾದರಿಯನ್ನು ಯಾರಾದರೂ ತಂದೇ ತರುತ್ತಾರೆ, ಆದ್ದರಿಂದ ಒಂದೆರಡು ಮಾತು. ಶಾಲಾ ಮಕ್ಕಳು ಇಲ್ಲಿ ಒಂದೆರಡು ವಾರ ಯಾವುದಾದರೂ ಸಂಸ್ಥೆಗೆ ಹೋಗಿ ಕೆಲಸ ಹೇಗಿರುತ್ತದೆ ಎಂದು ನೋಡಿ ಬರುತ್ತಾರೆ, ಅಷ್ಟೇ. ನಿಜವಾದ ತರಬೇತಿ ಶಾಲೆ ಮುಗಿದ ಮೇಲೆ: ಕಂಪನಿಯೊಂದಿಗೆ ಲಿಖಿತ ಒಪ್ಪಂದ, ತಿಂಗಳ ಭತ್ಯೆ, ವಾರದಲ್ಲಿ ಒಂದೆರಡು ದಿನ ವೃತ್ತಿ ಶಾಲೆ, ಉಳಿದ ದಿನ ಕೆಲಸದ ಜಾಗ, ಯಂತ್ರದ ಟ್ರೇಡುಗಳಿಗೆ ಮೂರೂವರೆ ವರ್ಷ. ಕೊನೆಯ ಪರೀಕ್ಷೆ ನಡೆಸುವುದು ಕಂಪನಿಯಲ್ಲ, ಉದ್ಯಮಿಗಳ ಚೇಂಬರ್. ಹಾಗಾಗಿ ಆ ಪ್ರಮಾಣಪತ್ರಕ್ಕೆ ಬೇರೆ ಕಂಪನಿಯಲ್ಲೂ ಬೆಲೆಯಿದೆ. ನಿಮ್ಮಲ್ಲಿ ಒಂಬತ್ತನೇ ತರಗತಿಗೇ ಜಾಬ್ ರೋಲ್ ಹೆಸರಿಟ್ಟು ಪ್ರಮಾಣಪತ್ರ ಕೊಡುವುದು ನನಗೆ ಅವಸರ ಎನಿಸುತ್ತದೆ.

ಎಸ್‌ಡಿಎಂಸಿ ಸದಸ್ಯ, ಬೆಳಗಾವಿ ತಾಲ್ಲೂಕು

ಇಷ್ಟೆಲ್ಲ ಓದಿದ ಮೇಲೆ ಠರಾವಿನ ಕರಡನ್ನು ತಿದ್ದಿದ್ದೇನೆ. ಬ್ಯೂಟಿ ಅಂಡ್ ವೆಲ್‌ನೆಸ್ ಹಾಗೆಯೇ ಮುಂದುವರಿಯಲಿ, ಆದರೆ ಹುಡುಗ–ಹುಡುಗಿ ಎಂಬ ಭೇದವಿಲ್ಲದೆ ಪ್ರತಿ ಮಗುವಿನಿಂದಲೂ ಎಂಟನೇ ತರಗತಿಯ ಕೊನೆಯಲ್ಲಿ ಪೋಷಕರ ಎದುರಿಗೆ ಆಯ್ಕೆ ಕೇಳಬೇಕು. ಜಾಗ ಖಾಲಿಯಾದಾಗ ರಿಟೇಲ್ ಬದಲಿಗೆ ಯಂತ್ರ ಅಥವಾ ಎಲೆಕ್ಟ್ರಿಕಲ್ ಸಂಬಂಧಿತ ವಿಷಯ ಕೊಡಬೇಕೆಂದು ಜಿಲ್ಲಾ ಉಪನಿರ್ದೇಶಕರಿಗೆ ಕೋರುತ್ತೇವೆ. ಈಗಿರುವ ತರಬೇತುದಾರರನ್ನು ತೆಗೆಯಿರಿ ಎಂದು ಕೋರುವುದಿಲ್ಲ. ವೃತ್ತಿ ವಿಷಯಗಳಿಗೆ ಬ್ಲಾಕ್ ಪೀರಿಯಡ್ ಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಕಾರ್ಖಾನೆ ಭೇಟಿಯಲ್ಲಿ ಮಕ್ಕಳು ಯಾವ ಯಂತ್ರವನ್ನೂ ನಡೆಸುವಂತಿಲ್ಲ, ಫೌಂಡ್ರಿಯ ಸುರಿಯುವ ಜಾಗದ ಗೆರೆ ದಾಟುವಂತಿಲ್ಲ ಎಂದು ವಕೀಲರು ಹೇಳಿದಂತೆ ಬರೆದಿದ್ದೇನೆ. ಸಮೀಪದ ಐಟಿಐಗೆ ಪತ್ರ ಸಿದ್ಧವಾಗಿದೆ.

ಅಳತೆ ಕಲಿಸುವ ಕೆಲಸವನ್ನು ವಿಜ್ಞಾನ ಪ್ರಯೋಗಾಲಯದಲ್ಲಿ ಎಲ್ಲ ಒಂಬತ್ತನೇ ತರಗತಿಯವರಿಗೂ ಶನಿವಾರದ ಕೊನೆಯ ಎರಡು ಪೀರಿಯಡ್‌ಗಳಲ್ಲಿ ಶುರು ಮಾಡೋಣ ಎಂದುಕೊಂಡಿದ್ದೇವೆ. ವರ್ನಿಯರ್ ಕೊಳ್ಳಲು ಶಾಲಾ ಅನುದಾನದಲ್ಲಿ ಅವಕಾಶವಿದೆಯೇ ಎಂದು ನೋಡಬೇಕು. ಮಷೀನ್ ಶಾಪ್ ಮಾಲೀಕರೇ, ರಿಜೆಕ್ಟ್ ಜಾಬ್‌ಗಳ ಜೊತೆಗೆ ಅವುಗಳ ಡ್ರಾಯಿಂಗ್‌ಗಳನ್ನೂ ಕೊಡುವಿರಾ? ಡ್ರಾಯಿಂಗ್ ಇಲ್ಲದೆ ಅಳತೆ ಮಾಡಿದರೆ ಸರಿ–ತಪ್ಪು ಹೇಳಲಾಗದು ಎಂದು ನಮ್ಮ ವಿಜ್ಞಾನ ಶಿಕ್ಷಕರು ಹೇಳುತ್ತಿದ್ದಾರೆ.

ಮಷೀನ್ ಶಾಪ್ ಮಾಲೀಕ, ಉದ್ಯಮಬಾಗ್

ಗ್ರಾಹಕರ ಹೆಸರಿರುವ ಡ್ರಾಯಿಂಗ್ ಹೊರಗೆ ಕೊಡುವಂತಿಲ್ಲ. ಹೆಸರು, ಪಾರ್ಟ್ ನಂಬರ್ ತೆಗೆದು, ನಾಲ್ಕೈದು ಸರಳ ಜಾಬ್‌ಗಳಿಗೆ ಹೊಸದಾಗಿ ಬರೆಸಿ ಕೊಡುತ್ತೇನೆ. ಪ್ರತಿ ಜಾಬಿಗೂ ನಂಬರ್ ಹಾಕಿ, ನಮ್ಮ ಇನ್‌ಸ್ಪೆಕ್ಷನ್‌ನಲ್ಲಿ ಬಂದ ಅಳತೆಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಶಿಕ್ಷಕರ ಕೈಗೆ ಮಾತ್ರ ಕೊಡುವುದು ಒಳ್ಳೆಯದು. ಎರಡು ಸರಿಯಾದ ಜಾಬ್‌ಗಳನ್ನೂ ಅದರಲ್ಲಿ ಸೇರಿಸಿರುತ್ತೇನೆ, ಮಕ್ಕಳಿಗೆ ಹೇಳಬೇಡಿ.